ಗೋಡೆಗೆ ಕೌದಿ

ತಿಕೋಟಾದ ನಮ್ಮ ಕಲಿಕೆ ಕೇಂದ್ರಕ್ಕೆ ಬರುವ ಒಂಬತ್ತು ಜನ ಅಕ್ಕಂದಿರು ಸೇರಿ ಒಂದು ಭಜನಿ ಮೇಳ ಕಟ್ಟಿದ್ದಾರೆ. ಸೋಬಾನ ಪದ ಹಾಡುತ್ತಾರೆ. ಬೀಸುವ ಪದ ಹಾಡುತ್ತಾರೆ. ತತ್ವಪದ ಹಾಡುತ್ತಾರೆ. ಅವರ ಹತ್ತಿರ ಒಂದು ಪೇಟಿ ಇದೆ. ತಬಲಾ, ಡಗ್ಗಾ ಇವೆ. ಎರಡು ಜೋಡಿ ತಾಳ ಇವೆ. ಇರಲಿಲ್ಲದ್ದು ಒಂದೇ, ಕೂತು ಹಾಡಲು ಜಾಗ.

ಒಬ್ಬ ಅಕ್ಕನ ಅತ್ತಿ ತಮ್ಮ ಮನೆಯ ಹೊಸ ಕೋಣೆ ಬಿಟ್ಟುಕೊಟ್ಟರು. "ಹಗಲೆಲ್ಲಾ ಹೊಲದಾಗ ದುಡೀತೀರಿ. ಸಂಜೀಕ ಒಂದ ತಾಸ ಕುಂತ ಹಾಡ್ರಿ" ಅಂದರು.

ಕೋಣೆ ಚೊಕ್ಕ ಇದೆ. 12 ಫೂಟು ಉದ್ದ, 10 ಫೂಟು ಅಗಲ, 10 ಫೂಟು ಎತ್ತರ. ಮೇಲೆ ಸ್ಲ್ಯಾಬು. ಗೋಡೆಗೆ ನುಣ್ಣನೆಯ ಸಿಮೆಂಟು. ನೆಲಕ್ಕೆ ಫರಸಿ. ಒಂದು ಬಾಗಿಲು, ಒಂದು ಕಿಟಕಿ. ಒಳಗೆ ಬೇರೆ ಸಾಮಾನು ಏನೂ ಇರಲಿಲ್ಲ.

ಮೊದಲ ದಿನ ಅಕ್ಕಂದಿರು ಹಾಡಲು ಕೂತರು. ಪೇಟಿ ಬಾರಿಸಿದರು. ಡಗ್ಗಾ ಬಡಿದರು. ಕೋಣೆಯೆಲ್ಲಾ ಗುಂಯ್ ಅಂತು. ಒಬ್ಬರು ಹೇಳಿದ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ. ಪದದ ಒಂದು ನುಡಿ ಮುಗಿಯುವ ಮೊದಲೇ ಮುಂದಿನ ನುಡಿ ಅದರ ಮೇಲೆ ಬಿದ್ದಂತೆ ಆಯಿತು.

"ನನ್ನ ದನಿ ನನಗ ತಿಳೀವಲ್ದ್ರಿ ಟೀಚರ್" ಎಂದು ಮುಂದೆ ಹಾಡುವ ಅಕ್ಕ ಹೇಳಿದರು. ದನಿ ಕೇಳಿಸಲಿ ಎಂದು ಅವರು ಇನ್ನೂ ಜೋರಾಗಿ ಹಾಡಿದರು. ಅವರ ದನಿ ಏರಿತು ಎಂದು ಉಳಿದವರೂ ಏರಿಸಿದರು. ತಾಳದವರು ಸುಮ್ಮನಿರುತ್ತಾರೆಯೇ? ಅವರೂ ಜೋರಾಗಿ ಬಡಿದರು.

ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ಪಕ್ಕದ ಮನೆಯ ಕಾಕಾ ಬಂದರು. ಸಿಟ್ಟು ಮಾಡಲಿಲ್ಲ. "ನಮ್ಮ ಹುಡುಗಿಗೆ ಈ ವರ್ಷ ಹತ್ತನೇತ್ತೆ ಪರೀಕ್ಷಾ ಐತವ್ವಾ. ಅಕಿಗೆ ಓದಾಕ ಆಗವಲ್ದು" ಅಂದರು.

ಅಕ್ಕಂದಿರ ಮುಖ ಸಣ್ಣದಾಯಿತು. ತಮಗೆ ಸಣ್ಣವರಿದ್ದಾಗ ಓದು ಸಿಗಲಿಲ್ಲ. ಈಗ ಅಕ್ಷರ ಕಲಿಯುತ್ತಿದ್ದಾರೆ. ಅಂಥವರು ಒಂದು ಹುಡುಗಿಯ ಓದಿಗೆ ಅಡ್ಡ ಬರುವುದು ಹೇಗೆ? ಹಾಡು ಬಿಡುವುದಾದರೂ ಹೇಗೆ? ಮೇಳವನ್ನು ವಿಜಯಪುರದ ಒಂದು ಕಾರ್ಯಕ್ರಮಕ್ಕೆ ಕರೆದಿದ್ದರು. ಅತ್ತಿ ಮಾತ್ರ ಒಂದೇ ಮಾತು ಹೇಳಿದರು. "ನೆರೀ ಮನಿಯವರ ಜೋಡಿ ನಾ ಕೆಡಿಸಿಕೊಳ್ಳಾಂಗಿಲ್ಲ. ಒಂದ ತಿಂಗಳ ನೋಡ್ತೀನಿ. ಆಮ್ಯಾಲ ಕೋಣಿಗೆ ಕೀಲಿ."

ಗುಮ್ಮಟ ಹೇಳಿದ ಪಾಠ

ಆ ವಾರ ಕಲಿಕೆ ಕೇಂದ್ರದವರೆಲ್ಲ ವಿಜಯಪುರಕ್ಕೆ ಹೋಗುವುದು ಮೊದಲೇ ಗೊತ್ತಾಗಿತ್ತು. ಗೋಳಗುಮ್ಮಟ ನೋಡುವುದಿತ್ತು. ಬಸ್ಸು ತೊರವಿ ದಾಟುವಾಗ ನಾವು ಸಂಗೀತ ಮಹಲಿನ ಕತೆ ಹೇಳಿದೆವು. ಎರಡನೇ ಇಬ್ರಾಹಿಂ ಆದಿಲಶಾಹ ಎಂಬ ಅರಸನಿಗೆ ಹಾಡೆಂದರೆ ಪ್ರಾಣ. ತಾನೇ ಪದ ಕಟ್ಟುತ್ತಿದ್ದ. 1599ರಲ್ಲಿ ಅವನು ಈ ತೊರವಿಯ ಹತ್ತಿರ ನವರಸಪುರ ಎಂಬ ಊರು ಕಟ್ಟಲು ಹಿಡಿದ. ಆ ಊರು ಉಳಿಯಲಿಲ್ಲ. ಸಂಗೀತ ಮಹಲಿನ ಗೋಡೆಗಳು ಉಳಿದಿವೆ.

"ಅರಸಗ ಹಾಡಾಕ ಊರ ಬೇಕಾತು. ನಮಗ ಒಂದ ಕೋಣಿ ಸಾಕಾಗಿತ್ತು" ಎಂದು ಒಬ್ಬ ಅಕ್ಕ ಅಂದರು. ಬಸ್ಸಿನಲ್ಲಿ ಎಲ್ಲರೂ ನಕ್ಕರು.

ಗೋಳಗುಮ್ಮಟ ಇಬ್ರಾಹಿಮನ ಮಗ ಮುಹಮ್ಮದ್ ಆದಿಲಶಾಹನ ಗೋರಿ. ಅವನು 1656ರಲ್ಲಿ ತೀರಿಕೊಂಡ. ಒಳಗೆ ಅಷ್ಟು ದೊಡ್ಡ ಜಾಗ. ನಡುವೆ ಒಂದು ಕಂಬವೂ ಇಲ್ಲ. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಒಳಗೆ ಸುತ್ತಲೂ ಒಂದು ಗ್ಯಾಲರಿ ಇದೆ. ಈ ಕಡೆಯ ಗೋಡೆಯಿಂದ ಆ ಕಡೆಯ ಗೋಡೆಗೆ ಸುಮಾರು 38 ಮೀಟರು.

ಮುಂದೆ ಹಾಡುವ ಅಕ್ಕ ಒಂದು ಕಡೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಏನೋ ಅಂದರು. ಎದುರಿನ ಕಡೆ ಗೋಡೆಗೆ ಕಿವಿ ಕೊಟ್ಟು ನಿಂತ ಅಕ್ಕನಿಗೆ ಅದು ಕೇಳಿಸಿತು. "ಹಸಿವಿ ಆಗೇತಿ ಅಂತಾಳ್ರೀ ಟೀಚರ್" ಎಂದು ಕೂಗಿದರು. ಆ ಕೂಗು ಗುಮ್ಮಟದಲ್ಲಿ ಒಂದಾದ ಮೇಲೆ ಒಂದು ಮರಳಿ ಬಂತು. ನಾವು ಬೆರಳು ಮಡಚಿ ಎಣಿಸಿದೆವು. ಏಳು ಸಲದ ಮೇಲೆ ಎಣಿಕೆ ತಪ್ಪಿತು.

ಹೀಗೆ ಯಾಕೆ ಆಗುತ್ತದೆ? ದನಿ ಗಾಳಿಯಲ್ಲಿ ಓಡುತ್ತದೆ. ಒಂದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಗಟ್ಟಿ, ನುಣುಪು ಗೋಡೆ ಸಿಕ್ಕರೆ ಬಡಿದು ಹಿಂದೆ ತಿರುಗುತ್ತದೆ. ಗುಮ್ಮಟದ ಒಂದು ಗೋಡೆಯ ಹತ್ತಿರ ನಿಂತು ಕೂಗಿದರೆ ದನಿ 38 ಮೀಟರು ಹೋಗಬೇಕು, 38 ಮೀಟರು ಬರಬೇಕು. ಒಟ್ಟು 76 ಮೀಟರು. ಅದಕ್ಕೆ ಒಂದು ಸೆಕೆಂಡಿನ ಐದು ಪಾಲಿನಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಸಿಕ್ಕರೆ ನಮ್ಮ ಕಿವಿ ಮೊದಲಿನ ದನಿಯನ್ನೂ ಮರಳಿ ಬಂದ ದನಿಯನ್ನೂ ಬೇರೆ ಬೇರೆ ಮಾಡುತ್ತದೆ. ಇದನ್ನೇ ಮಾರ್ದನಿ ಅನ್ನುತ್ತೇವೆ.

ತಿಕೋಟಾದ ಕೋಣೆ 12 ಫೂಟು. ದನಿ ಹೋಗಿ ಬರಲು ಒಂದು ಸೆಕೆಂಡಿನ 50 ಪಾಲಿನಲ್ಲಿ ಒಂದು ಪಾಲು ಸಾಕು. ಅಷ್ಟರಲ್ಲಿ ಕಿವಿಗೆ ಬೇರೆ ಮಾಡಲು ಆಗುವುದಿಲ್ಲ. ಗುಮ್ಮಟದಲ್ಲಿ ದನಿ ಪಾಳಿ ಹಚ್ಚಿ ಒಬ್ಬರ ಹಿಂದೆ ಒಬ್ಬರು ಬಂದಂತೆ ಬರುತ್ತದೆ. ಸಣ್ಣ ಕೋಣೆಯಲ್ಲಿ ಸಂತೆ ದಿನದ ಬಸ್ಸಿಗೆ ಜನ ನುಗ್ಗಿದಂತೆ ನುಗ್ಗುತ್ತದೆ. ಆರು ಕಡೆಯಿಂದ, ಅಂದರೆ ನಾಲ್ಕು ಗೋಡೆ, ನೆಲ, ಮೇಲಿನ ಸ್ಲ್ಯಾಬು, ಎಲ್ಲ ಕಡೆಯಿಂದ ಒಮ್ಮೆಲೇ ಬರುತ್ತದೆ. ಅದೇ ಆ ಗುಂಯ್.

ಮರಳಿ ಬರುವಾಗ ಹಿರಿಯ ಅಕ್ಕ ಒಬ್ಬರು ಬಸ್ಸಿನಲ್ಲಿ ಸುಮ್ಮನೆ ಕೂತಿದ್ದರು. ತೊರವಿ ದಾಟಿದ ಮೇಲೆ ಅಂದರು. "ನಮ್ಮ ಹಳೇ ಮಾಳಿಗಿ ಮನ್ಯಾಗ ಹಾಡಿದ್ರ ಹೀಂಗ ಆಗ್ತಿದ್ದಿಲ್ಲ ನೋಡ್ರಿ. ಮಣ್ಣಿನ ಗ್ವಾಡಿ. ಜ್ವಾಳದ ಚೀಲ. ಮೂಲ್ಯಾಗ ಕೌದಿ ಒಟ್ಟಿಲು. ದನಿ ಎಷ್ಟ ತಂಪ ಇರ್ತಿತ್ತು!"

ಉತ್ತರ ಅಲ್ಲಿಯೇ ಇತ್ತು. ನಮಗೆ ಆಗ ಅದು ತಲೆಗೆ ಹೋಗಲಿಲ್ಲ.

ನಮ್ಮ ತಪ್ಪು

ಗೋಡೆಗೆ ತತ್ತಿ ಇಡುವ ರಟ್ಟು ಬಡಿದರೆ ದನಿ ಕಡಿಮೆ ಆಗುತ್ತದೆ ಎಂದು ನಾವು ಎಲ್ಲೋ ಕೇಳಿದ್ದೆವು. ಅದನ್ನೇ ಹೇಳಿಬಿಟ್ಟೆವು. "ಭಜನಿ ಕೋಣ್ಯಾಗ ತತ್ತಿ ರಟ್ಟ ಏನ್ರೀ ಟೀಚರ್?" ಎಂದು ಇಬ್ಬರು ಮುಖ ಸಿಂಡರಿಸಿದರು. ಆದರೂ ನಮ್ಮ ಮಾತಿಗೆ ಬೆಲೆ ಕೊಟ್ಟು ಅಂಗಡಿ ಅಂಗಡಿ ತಿರುಗಿ 40 ರಟ್ಟು ತಂದರು. ಒಂದು ಗೋಡೆಗೆ ಹಚ್ಚಿದರು. ಹಾಡಿ ನೋಡಿದರು. ಗುಂಯ್ ಅನ್ನುವುದು ಹಾಗೇ ಇತ್ತು. ಎರಡು ದಿನದಲ್ಲಿ ರಟ್ಟಿನ ಹಿಂದೆ ಜೊಂಡಿಗ್ಯಾ ಸೇರಿದವು.

ಆ ರಟ್ಟು ತೆಳು. ಅದರೊಳಗೆ ದನಿ ಹೊಕ್ಕು ನಿಲ್ಲಲು ಜಾಗವೇ ಇಲ್ಲ. ಥರ್ಮಾಕೋಲೂ ಇದಕ್ಕೆ ಆಗುವುದಿಲ್ಲ. ಅದರ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿರುತ್ತವೆ. ಗಾಳಿ ಒಳಗೆ ಹೋಗುವುದಿಲ್ಲ. ಗಾಳಿ ಹೋಗದ ಕಡೆ ದನಿಯೂ ಇಂಗುವುದಿಲ್ಲ. ಮೇಲಾಗಿ ಅದಕ್ಕೆ ಬೆಂಕಿ ತಾಗಿದರೆ ಕೆಟ್ಟ ಹೊಗೆ ಬರುತ್ತದೆ.

ದನಿ ಇಂಗಬೇಕಾದರೆ ಹತ್ತಿಯಂಥ, ಉಣ್ಣೆಯಂಥ, ಬಟ್ಟೆಯ ಪದರಿನಂಥ ವಸ್ತು ಬೇಕು. ದನಿ ಅಂದರೆ ಗಾಳಿಯ ಅಲುಗಾಟ. ಆ ಅಲುಗಾಟ ಹತ್ತಿಯ ಎಳೆ ಎಳೆಗಳ ನಡುವೆ ಹೊಕ್ಕು ತಿಕ್ಕಾಡಿ ಸೋತುಹೋಗುತ್ತದೆ. ಚೆಂಡನ್ನು ಗೋಡೆಗೆ ಎಸೆದರೆ ಪುಟಿದು ಬರುತ್ತದೆ. ದಂಡೆಗೆ ಹಾಕಿದ ಕೌದಿಗೆ ಎಸೆದರೆ ಅಲ್ಲೇ ಬೀಳುತ್ತದೆ. ಹಾಗೆಯೇ ಇದು.

ಈ ಮಾತನ್ನು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಒಬ್ಬ ಮಾಸ್ತರರು. ಅವರ ಹೆಸರು ವ್ಯಾಲೇಸ್ ಸೇಬಿನ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಪಾಠದ ಕೋಣೆ ಕಟ್ಟಿದ್ದರು. ಅಲ್ಲಿ ಮಾಸ್ತರರು ಹೇಳಿದ ಪಾಠ ಹುಡುಗರಿಗೆ ತಿಳಿಯುತ್ತಿರಲಿಲ್ಲ. ಒಂದು ಸಲ ಎದ್ದ ದನಿ ಅಡಗಲು 5 ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತಿತ್ತು. 1895ರಲ್ಲಿ ಇದನ್ನು ಸರಿಮಾಡಲು ಸೇಬಿನ್ನರಿಗೆ ಹೇಳಿದರು. ಅವರು ಏನು ಮಾಡಿದರು ಗೊತ್ತೇ? ಹತ್ತಿರದ ನಾಟಕ ಮಂದಿರದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದರು. ಒಂದಿಷ್ಟು ಮೆತ್ತೆ ಇಟ್ಟು ದನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ನೋಡಿದರು. ಇನ್ನೊಂದಿಷ್ಟು ಇಟ್ಟು ನೋಡಿದರು. ಬೆಳಗಾಗುವ ಮೊದಲು ಎಲ್ಲವನ್ನೂ ಮರಳಿ ಇಟ್ಟು ಬಂದರು. ಮೆತ್ತೆ ಹೆಚ್ಚಾದಂತೆ ದನಿ ಬೇಗ ಅಡಗುತ್ತಿತ್ತು. ಕೋಣೆಯಲ್ಲಿ ಕೂತ ಮನುಷ್ಯರೂ ದನಿ ಹೀರುತ್ತಾರೆ ಎಂದು ಅವರು ಕಂಡರು.

ಈ ಕತೆ ಓದಿದಾಗ ನಮಗೆ ಬಸ್ಸಿನಲ್ಲಿ ಆ ಹಿರಿಯ ಅಕ್ಕ ಆಡಿದ ಮಾತು ನೆನಪಾಯಿತು. ಕೌದಿ ಒಟ್ಟಿಲು! ಮರುದಿನವೇ ನಾವು ಅವರ ಮುಂದೆ ತಪ್ಪು ಒಪ್ಪಿಕೊಂಡೆವು. ಅವರು ನಕ್ಕು, "ಇರಲಿ ಬಿಡ್ರಿ, ಕೌದಿ ಹೊಲಿಯೂದು ನಮಗ ಕಲಸೂದು ಬ್ಯಾಡಲ್ಲ" ಅಂದರು.

ಗೇಣಿನ ಲೆಕ್ಕ, ಫೂಟಿನ ಲೆಕ್ಕ

ಬರೀ ಕೌದಿ ಗೋಡೆಗೆ ತೂಗು ಹಾಕಿದರೂ ಸ್ವಲ್ಪ ಗುಣ ಕಾಣುತ್ತದೆ. ಆದರೆ ತೆಳು ಬಟ್ಟೆ ಸಣ್ಣ, ಚೂಪು ದನಿಯನ್ನು ಮಾತ್ರ ಹೀರುತ್ತದೆ. ತಾಳದ ಕಿಣಿಕಿಣಿ ಕಡಿಮೆ ಆಗುತ್ತದೆ. ಡಗ್ಗಾದ ದಪ್ಪ ದನಿ ಹಾಗೇ ಉಳಿಯುತ್ತದೆ. ದಪ್ಪ ದನಿಗೆ ದಪ್ಪ ವಸ್ತು ಬೇಕು. ಅದಕ್ಕೆ ಕಟ್ಟಿಗೆಯ ಚೌಕಟ್ಟು ಮಾಡಿ ಅದರೊಳಗೆ ಕೌದಿಯ ಪದರು ತುಂಬುವುದು ಎಂದು ಗೊತ್ತು ಮಾಡಿದರು. ನಾವು ಇದಕ್ಕೆ "ದನಿ ಹೀರುವ ಹಲಗೆ" ಎಂದು ಹೆಸರಿಟ್ಟೆವು. ಅಕ್ಕಂದಿರು "ಗ್ವಾಡಿ ಕೌದಿ" ಅಂದರು. ಈಗ ನಾವೂ ಹಾಗೇ ಅನ್ನುತ್ತೇವೆ.

ಪೇಟಿ ಬಾರಿಸುವ ಅಕ್ಕನ ತವರು ಮನೆ ಬಬಲೇಶ್ವರ. ಅವರ ಅಣ್ಣ ಬಡಿಗತನ ಮಾಡುತ್ತಾರೆ. ಅಕ್ಕ ಗೋಡೆಯ ಮೇಲೆ ಗೇಣು ಹಾಕಿ ನೋಡಿದರು. ಅಣ್ಣನಿಗೆ ಮೊಬೈಲಿನಲ್ಲಿ ಹೇಳಿದರು. "6 ಗೇಣ ಉದ್ದ, 3 ಗೇಣ ಅಗಲ, ಎರಡ ಚೌಕಟ್ಟ ಮಾಡಿ ಕಳಸೋ ಅಣ್ಣಾ."

ಚೌಕಟ್ಟು ಬಬಲೇಶ್ವರದಿಂದ ಬಸ್ಸಿನ ಮೇಲೆ ಬಂದವು. ಕಿಟಕಿಯ ಪಕ್ಕದಲ್ಲಿ ಹಿಡಿದು ನೋಡಿದರೆ ಹಿಡಿಸಲೇ ಇಲ್ಲ. ಅಕ್ಕನ ಗೇಣು 8 ಇಂಚು. ಅಣ್ಣನ ಗೇಣು 9 ಇಂಚು. ಆರು ಗೇಣಿಗೆ ಎಷ್ಟು ಫರಕು ಬಂತು ನೋಡಿ.

ಅಕ್ಕನ ಲೆಕ್ಕ: 6 × 8 = 48 ಇಂಚು. ಅಂದರೆ 4 ಫೂಟು.
ಅಣ್ಣನ ಲೆಕ್ಕ: 6 × 9 = 54 ಇಂಚು. ಅಂದರೆ 4 ಫೂಟು 6 ಇಂಚು.

ಅರ್ಧ ಫೂಟು ಹೆಚ್ಚಾಯಿತು. ಯಾರದೂ ತಪ್ಪಿಲ್ಲ. ಕೈ ಬೇರೆ, ಗೇಣು ಬೇರೆ. ಆದರೆ ಕಟ್ಟಿಗೆಯ ರೊಕ್ಕ ಹೋಯಿತಲ್ಲ! ಆ ರಾತ್ರಿ ಪೇಟಿ ಅಕ್ಕ ಟೇಪು ತಂದು ಅಳೆದರು. ಒಂದು ಚೀಟಿ ಬರೆದರು. ಅವರು ಜೀವನದಲ್ಲಿ ಇನ್ನೊಬ್ಬರಿಗೆ ಬರೆದು ಕಳಿಸಿದ ಮೊದಲ ಚೀಟಿ ಅದು. ಮೂರು ಸಲ ಹರಿದು ಹಾಕಿ ನಾಲ್ಕನೇ ಸಲ ಬರೆದರು. ಚೀಟಿ ಹೀಗಿತ್ತು.

ಅಣ್ಣಾಗ ನಮಸ್ಕಾರ.
ಉದ್ದ ಪಟ್ಟಿ – 4 ಫೂಟು – 2
ಅಡ್ಡ ಪಟ್ಟಿ – 2 ಫೂಟು – 3
ಪಟ್ಟಿ ಅಗಲ – 3 ಇಂಚು
ಇಂಥವು ಒಟ್ಟು 8 ಚೌಕಟ್ಟು ಬೇಕು.
ಗೇಣು ಹಾಕಬ್ಯಾಡ. ಟೇಪು ಹಿಡಿ.

ಅಡ್ಡ ಪಟ್ಟಿ ಮೂರು ಯಾಕೆ? ಮೇಲೊಂದು, ಕೆಳಗೊಂದು, ನಡುವೆ ಒಂದು. ನಡುವಿನ ಪಟ್ಟಿ ಇದ್ದರೆ ಚೌಕಟ್ಟು ಸೊಟ್ಟ ಆಗುವುದಿಲ್ಲ. ಒಂದು ಚೌಕಟ್ಟಿಗೆ 8 ಫೂಟು ಉದ್ದ ಪಟ್ಟಿ, 6 ಫೂಟು ಅಡ್ಡ ಪಟ್ಟಿ, ಒಟ್ಟು 14 ಫೂಟು. ಎಂಟು ಚೌಕಟ್ಟಿಗೆ 112 ಫೂಟು ಕಟ್ಟಿಗೆ. ಹೊಸ ಕಟ್ಟಿಗೆಯೇ ಬೇಕೆಂದಿಲ್ಲ. ಅಣ್ಣ ಹಳೆ ಪೆಟ್ಟಿಗೆಯ ಪಟ್ಟಿ, ಕೆಲಸದಲ್ಲಿ ಉಳಿದ ತುಂಡು ಕೂಡಿಸಿ ಮಾಡಿಕೊಟ್ಟರು. ಮೊದಲು ಬಂದ ಎರಡನ್ನೂ ಕೊಯ್ದು ಅದರಲ್ಲೇ ಸೇರಿಸಿದರು.

ತುಂಬುವುದು, ಹೊಲಿಯುವುದು

ಮನೆ ಮನೆಯಿಂದ ಹರಿದ ಕೌದಿ ಬಂದವು. ಹಳೆ ಸೀರೆ ಬಂದವು. ಒಂದು ಮನೆಯಿಂದ ಹಳೆ ಗಾದಿಯ ಹತ್ತಿ ಬಂತು. ಎಲ್ಲವನ್ನೂ ತೊಳೆಯುವಂಥದು ತೊಳೆದು, ಎರಡು ದಿನ ಬಿಸಿಲಿಗೆ ಹಾಕಿದರು. ವಿಜಯಪುರದ ಬಿಸಿಲು ಈ ಕೆಲಸಕ್ಕೆ ಬಲು ಚಲೋ. ಒಂದಿಷ್ಟು ಹಸಿ ಉಳಿದರೂ ಒಳಗೆ ಬೂಸು ಬರುತ್ತದೆ, ವಾಸನೆ ಬರುತ್ತದೆ. ಹಳೆ ಹತ್ತಿ ಬಿಡಿಸುವಾಗ ಮೂಗಿಗೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಆ ಧೂಳು ಎದೆಗೆ ಕೆಟ್ಟದ್ದು. ದಮ್ಮು ಇರುವವರು ಆ ಕೆಲಸಕ್ಕೆ ಕೂಡಲೇಬಾರದು.

ಮೊದಲ ಹಲಗೆಗೆ ಬಿಡಿ ಹತ್ತಿ ತುಂಬಿ ಮೇಲೆ ಬಟ್ಟೆ ಬಡಿದರು. ಎಂಟು ದಿನದಲ್ಲಿ ಹತ್ತಿಯೆಲ್ಲ ಕೆಳಗೆ ಜಾರಿತು. ಮೇಲೆ ಖಾಲಿ, ಕೆಳಗೆ ಹೊಟ್ಟೆ. ಆಮೇಲೆ ಗಾದಿಗೆ ಹಾಕಿದಂತೆ ಟಾಕಿ ಹಾಕಿದರು. ಹತ್ತಿಯನ್ನು ತೆಳು ಬಟ್ಟೆಯ ಚೀಲದಲ್ಲಿ ಹರವಿ, ಗೇಣಿಗೆ ಒಂದರಂತೆ ಅಡ್ಡ ಹೊಲಿಗೆ ಹಾಕಿದರು. ಇಲ್ಲಿ ಗೇಣಿನ ಲೆಕ್ಕ ನಡೆಯುತ್ತದೆ. ಕೌದಿಯ ಪದರಿಗೆ ಈ ತೊಂದರೆ ಇಲ್ಲ. ಅದು ಮೊದಲೇ ಹೊಲಿದದ್ದು. ಪದರಿನ ಮೇಲೆ ಪದರು ಇಟ್ಟು 3 ಇಂಚು ದಪ್ಪ ಆಗುವವರೆಗೆ ತುಂಬಿದರೆ ಆಯಿತು. ಒತ್ತಿ ಒತ್ತಿ ತುರುಕಬಾರದು. ಎಳೆಗಳ ನಡುವೆ ಗಾಳಿಗೆ ಜಾಗ ಬೇಕು.

ಚೌಕಟ್ಟಿನ ಹಿಂದೆ ಗೋಣಿತಟ್ಟು ಬಡಿದರು. ಮುಂದೆ ಹಳೆ ನೂಲಿನ ಸೀರೆ. ಮುಂದಿನ ಬಟ್ಟೆ ಆರಿಸಲು ಒಂದು ಸುಲಭ ಪರೀಕ್ಷೆ ಇದೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಆ ಕಡೆ ಹೋದರೆ ಅದು ಆಗುತ್ತದೆ. ಹೋಗದಿದ್ದರೆ ಬೇಡ. ರೆಗ್ಜಿನ್, ಪ್ಲಾಸ್ಟಿಕ್, ಬಣ್ಣ ಬಳಿದ ಬಟ್ಟೆ ಹಾಕಿದರೆ ದನಿ ಹೊರಗಿನಿಂದಲೇ ತಿರುಗಿ ಹೋಗುತ್ತದೆ. ಒಳಗೆ ಎಂಥ ಹತ್ತಿ ತುಂಬಿದರೂ ದಂಡ.

ಒಬ್ಬ ಅಕ್ಕ ತಮ್ಮ ತೀರಿಹೋದ ಅವ್ವನ ಇಳಕಲ್ ಸೀರೆ ತಂದರು. ಸೆರಗು ಹರಿದಿತ್ತು. ಒಡಲು ಗಟ್ಟಿ ಇತ್ತು. "ಟ್ರಂಕಿನ್ಯಾಗ ಇಟ್ಟ ಏನ್ ಮಾಡೂದು? ಅವ್ವ ಛಂದ ಹಾಡ್ತಿದ್ಲು" ಅಂದರು. ಆ ಸೀರೆಯನ್ನು ಬಾಗಿಲ ಎದುರಿನ ಹಲಗೆಗೆ ಹಾಕಿದ್ದಾರೆ. ಅದನ್ನು ಊದಿ ನೋಡಲು ನಾವು ಹೇಳಲಿಲ್ಲ. ಅವರೇ ಊದಿ ನೋಡಿ ತಂದಿದ್ದರು.

ಕನ್ನಡಿ ತೋರಿಸಿದ ಜಾಗ

ನಾಲ್ಕು ಗೋಡೆ ಕೂಡಿ 440 ಚದರ ಫೂಟು. ಎಂಟು ಹಲಗೆ ಕೂಡಿ 64 ಚದರ ಫೂಟು. ಅಂದರೆ ಗೋಡೆಯ ಏಳನೇ ಒಂದು ಪಾಲು ಮಾತ್ರ. ಎಲ್ಲ ಗೋಡೆ ಮುಚ್ಚುವುದು ಬೇಕಾಗಿಲ್ಲ. ಮುಚ್ಚಿದರೆ ಹಾಡು ಸಪ್ಪಗೆ ಆಗುತ್ತದೆ, ಹೊಲದ ನಡುವೆ ಹಾಡಿದಂತೆ. ಬೇಕಾದ ಕಡೆ ಹಾಕಿದರೆ ಸಾಕು.

ಬೇಕಾದ ಕಡೆ ಯಾವುದು? ಮುಂದೆ ಹಾಡುವ ಅಕ್ಕ ತಮ್ಮ ಜಾಗದಲ್ಲಿ ಕೂರಲಿ. ಇನ್ನೊಬ್ಬರು ಗೋಡೆಗೆ ಕನ್ನಡಿ ಹಚ್ಚಿ ಮೆಲ್ಲಗೆ ಸರಿಸಲಿ. ಹಾಡುವ ಅಕ್ಕನಿಗೆ ಕನ್ನಡಿಯಲ್ಲಿ ಪೇಟಿ ಎಲ್ಲಿ ಕಾಣುತ್ತದೋ ಅಲ್ಲಿ ಸುಣ್ಣದಿಂದ ಗುರುತು ಹಾಕಿ. ತಬಲಾ ಕಂಡ ಕಡೆಯೂ ಗುರುತು ಹಾಕಿ. ಬೆಳಕು ಬಡಿದು ತಿರುಗುವ ದಾರಿಯಲ್ಲೇ ದನಿಯೂ ಬಡಿದು ತಿರುಗುತ್ತದೆ. ಆ ಗುರುತಿನ ಮೇಲೆ ಹಲಗೆ ಬರಬೇಕು. ಕೂತವರ ಎದೆ, ತಲೆಯ ಎತ್ತರಕ್ಕೆ ಬರಬೇಕು. ಬಹಳ ಮೇಲೆ ತೂಗಿದರೆ ಫೋಟೋ ತೂಗಿದಂತೆ, ನೋಡಲು ಮಾತ್ರ.

ಹಲಗೆಯನ್ನು ಗೋಡೆಗೆ ಅಂಟಿಸಿ ಬಡಿಯಲಿಲ್ಲ. ಹಿಂದೆ 2 ಇಂಚಿನ ಕಟ್ಟಿಗೆ ತುಂಡು ಇಟ್ಟು ಸಂದು ಬಿಟ್ಟರು. ಆ ಸಂದಿನ ಗಾಳಿಯಿಂದ ದಪ್ಪ ದನಿ ಹೀರಲು ಸಹಾಯ ಆಗುತ್ತದೆ. ಹಲಗೆ ಭಾರ ಇರುತ್ತದೆ. ಬಡಿಗೇರ ಅಣ್ಣ ಬಂದು ಗೋಡೆಗೆ ತೂತು ಕೊರೆದು ಗಟ್ಟಿ ಹೂಕು ಹಾಕಿದರು. ಒಂದು ಹಲಗೆಗೆ ಎರಡು ಹೂಕು.

ಮೊದಲು ಎರಡು ಹಾಕಿ ಚಪ್ಪಾಳೆ ತಟ್ಟಿದರು. ಆಮೇಲೆ ನಾಲ್ಕು. ಆಮೇಲೆ ಎಂಟು. ಖಾಲಿ ಕೋಣೆಯಲ್ಲಿ ಹಾಡಿದ್ದನ್ನು ಒಬ್ಬ ಅಕ್ಕನ ಮಗ ಮೊದಲೇ ಮೊಬೈಲಿನಲ್ಲಿ ತುಂಬಿಕೊಂಡಿದ್ದ. ಎಂಟು ಹಲಗೆ ಆದ ಮೇಲೆ ಅದೇ ಪದ ಮತ್ತೆ ಹಾಡಿಸಿ ತುಂಬಿಕೊಂಡ. ಎರಡನ್ನೂ ಕೇಳಿಸಿದ. ಮೊದಲನೆಯದರಲ್ಲಿ ಗದ್ದಲ. ಎರಡನೆಯದರಲ್ಲಿ ಪದದ ಮಾತು ಮಾತು ತಿಳಿಯುತ್ತಿತ್ತು. ಇಬ್ಬರು ತಪ್ಪು ಹಾಡುತ್ತಿದ್ದರು ಎಂಬುದೂ ತಿಳಿಯಿತು! ಇಷ್ಟು ದಿನ ಗುಂಯ್ ಅನ್ನುವುದರಲ್ಲಿ ಅದು ಮುಚ್ಚಿಹೋಗಿತ್ತು.

ಡಗ್ಗಾದ ದನಿ ಮಾತ್ರ ಪೂರಾ ಹತೋಟಿಗೆ ಬರಲಿಲ್ಲ. ಹಳೆ ಗಾದಿ ಎರಡು ಸುರುಳಿ ಸುತ್ತಿ ಎರಡು ಮೂಲೆಗೆ ನಿಲ್ಲಿಸಿದ ಮೇಲೆ ಸ್ವಲ್ಪ ತಗ್ಗಿತು. ನೆಲಕ್ಕೆ ಜಮಖಾನೆ ಹಾಸಿದರು. ಸ್ಲ್ಯಾಬಿಗೆ ಏನೂ ಹಾಕಲಿಲ್ಲ. ಫ್ಯಾನಿಗೆ, ದೀಪದ ವಾಯರಿಗೆ ಬಟ್ಟೆ ತಾಗುವುದು ಬೇಡ ಎಂದು ಬಿಟ್ಟರು.

ಬೆಂಕಿಯ ಮಾತು

ಇದನ್ನು ಎರಡು ಸಲ ಓದಿ. ಹತ್ತಿ, ಸೀರೆ, ಗೋಣಿ, ಕಟ್ಟಿಗೆ, ಇವೆಲ್ಲಾ ಬೇಗ ಉರಿಯುವಂಥವು. ಭಜನಿ ಅಂದರೆ ದೀಪ ಇರುತ್ತದೆ. ಊದಿನಕಡ್ಡಿ ಇರುತ್ತದೆ. ಕರ್ಪೂರದ ಆರತಿ ಇರುತ್ತದೆ. ಹಲಗೆ ಇರುವ ಕೋಣೆಯಲ್ಲಿ ಉರಿಯುವ ದೀಪ ಇಡಬೇಡಿ. ಆರತಿ ಹೊರಗೆ ಪಡಸಾಲೆಯಲ್ಲಿ ಮಾಡಿ. ಕರೆಂಟಿನ ಬಟನ್ನಿನ ಹತ್ತಿರ, ಪ್ಲಗ್ಗಿನ ಹತ್ತಿರ ಹಲಗೆ ತೂಗಬೇಡಿ. ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿಕೊಂಡು ಕೂರಬೇಡಿ. ತಿಕೋಟಾದ ಅಕ್ಕಂದಿರು ಬಾಗಿಲ ಹೊರಗೆ ಎರಡು ಕೊಡ ನೀರು ಇಟ್ಟಿರುತ್ತಾರೆ. ಕರೆಂಟಿನಿಂದ ಹತ್ತಿದ ಬೆಂಕಿಗೆ ನೀರು ಹಾಕಬಾರದು, ಮೊದಲು ಮೇನ್ ಬಂದ್ ಮಾಡಬೇಕು ಎಂದು ಗೋಡೆಯ ಮೇಲೆ ಬರೆದಿದ್ದಾರೆ.

ಅಗ್ಗ ಸಿಗುತ್ತದೆ ಎಂದು ಸ್ಪಂಜು ತಂದು ಗೋಡೆಗೆ ಅಂಟಿಸುವವರು ಇದ್ದಾರೆ. ಸಾದಾ ಸ್ಪಂಜು ಹತ್ತಿಕೊಂಡರೆ ಅದರ ಹೊಗೆಯೇ ಜೀವ ತೆಗೆಯುತ್ತದೆ. ಬೇಡವೇ ಬೇಡ.

ಹುಡುಗಿಯ ಓದು ಏನಾಯಿತು?

ಹಲಗೆ ಹಾಕಿದ ಸಂಜೆ ಅಕ್ಕಂದಿರಿಗೆ ಹಿಗ್ಗೋ ಹಿಗ್ಗು. ಇನ್ನು ಕಾಕಾ ಬರುವುದಿಲ್ಲ ಅಂದುಕೊಂಡರು. ಅತ್ತಿ ಪಕ್ಕದ ಮನೆಗೆ ಹೋಗಿ ಆ ಹುಡುಗಿಯ ಹತ್ತಿರ ಕೂತು ಕೇಳಿದರು. ಮರಳಿ ಬಂದು, "ಕೇಳಸ್ತೈತಿ. ಮೊದಲಿನಷ್ಟ ಇಲ್ಲ, ಆದ್ರ ಕೇಳಸ್ತೈತಿ" ಅಂದರು.

ಇಲ್ಲಿ ಒಂದು ಮಾತು ತಿಳಿಯಬೇಕು. ದನಿ ಹೀರುವ ಹಲಗೆ ಕೋಣೆಯ ಒಳಗಿನ ಗುಂಯ್ ಕಡಿಮೆ ಮಾಡುತ್ತದೆ. ದನಿ ಹೊರಗೆ ಹೋಗುವುದನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಇವು ಎರಡು ಬೇರೆ ಕೆಲಸ. ಹೊರಗೆ ಹೋಗುವುದನ್ನು ತಡೆಯಲು ಭಾರದ ವಸ್ತು ಬೇಕು, ದಪ್ಪ ಗೋಡೆಯಂಥದು. ಮತ್ತು ಸಂದು ಇರಬಾರದು. ಗೋಡೆ ಎಷ್ಟೇ ಗಟ್ಟಿ ಇರಲಿ, ಬಾಗಿಲ ಕೆಳಗೆ ಒಂದು ಬೆರಳು ಸಂದು ಇದ್ದರೆ ದನಿ ಅಲ್ಲಿಂದ ನೀರಿನಂತೆ ಹರಿದು ಹೋಗುತ್ತದೆ. ಈ ಎರಡನ್ನು ನಾವು ಮೊದಲೇ ಬಿಡಿಸಿ ಹೇಳಬೇಕಿತ್ತು.

ಅಕ್ಕಂದಿರು ಸಂದು ಹುಡುಕಿದರು. ಬಾಗಿಲ ಕೆಳಗೆ ಹಳೆ ಬಟ್ಟೆಯ ಸುರುಳಿ ಹೊಲಿದು ಇಟ್ಟರು. ಕಾಕಾನ ಮನೆಯ ಕಡೆಗಿದ್ದ ಕಿಟಕಿಯನ್ನು ಹಾಡುವಾಗ ಮುಚ್ಚಿದರು. ಪದ ಪದಕ್ಕೆ ನಡುವೆ ತೆರೆದು ಗಾಳಿ ಬಿಟ್ಟರು. ನಮ್ಮ ಬೇಸಿಗೆಯಲ್ಲಿ ಒಂಬತ್ತು ಜನ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಕೂರಲು ಆಗುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚಿನ ಗುಣ ಬಂದದ್ದು ಬೇರೆ ಕಡೆಯಿಂದ. ಈಗ ಒಬ್ಬರ ದನಿ ಒಬ್ಬರಿಗೆ ಕೇಳಿಸುತ್ತಿತ್ತು. ಹಾಗಾಗಿ ಯಾರೂ ಒದರಬೇಕಾಗಲಿಲ್ಲ. ಮುಂದೆ ಹಾಡುವ ಅಕ್ಕ ದನಿ ಇಳಿಸಿದರು. ಉಳಿದವರೂ ಇಳಿಸಿದರು. ತಾಳದವರು ಕೊನೆಗೆ ಇಳಿಸಿದರು, ಅದಕ್ಕೆ ಸ್ವಲ್ಪ ಬೈಸಿಕೊಳ್ಳಬೇಕಾಯಿತು. ಯಾರೋ ಮೈಕು ತರೋಣ ಅಂದಿದ್ದರು. ಆ ಮಾತು ಬಿದ್ದುಹೋಯಿತು.

ಆಮೇಲೆ ಮೂವರು ಅಕ್ಕಂದಿರು ಕಾಕಾನ ಮನೆಗೆ ಹೋದರು. ಕಾಕಾನ ಹತ್ತಿರ ಅಲ್ಲ, ಹುಡುಗಿಯ ಹತ್ತಿರವೇ ಕೂತರು. "ನೀ ಯಾವಾಗ ಓದ್ತೀ? ಬರದ ಕೊಡು" ಅಂದರು. ಹುಡುಗಿ ತನ್ನ ವೇಳಾಪಟ್ಟಿ ಬರೆದು ಕೊಟ್ಟಳು. ಸಂಜೆ 5 ರಿಂದ 6 ರವರೆಗೆ ಅವಳು ಟ್ಯೂಷನ್ನಿಗೆ ಹೋಗುತ್ತಾಳೆ. ಅದನ್ನು ಅಕ್ಕಂದಿರೇ ಓದಿದರು, ನಾವು ಓದಿ ಹೇಳಲಿಲ್ಲ. ಆಗಿನಿಂದ ಮೇಳ 5ಕ್ಕೆ ಕೂಡುತ್ತದೆ, 6ಕ್ಕೆ ಏಳುತ್ತದೆ. ಹೊಲದಿಂದ ಬೇಗ ಬರುವುದು ಇಬ್ಬರಿಗೆ ಕಷ್ಟ. ಅವರು ಅರ್ಧ ತಾಸು ತಡವಾಗಿ ಬರುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಹೀಗೇ ಎಂದು ಗೊತ್ತಾಗಿದೆ.

ತಿಂಗಳು ತುಂಬಿತು. ಅತ್ತಿ ಕೀಲಿ ಹಾಕಲಿಲ್ಲ. ಕೀಲಿಕೈಯನ್ನು ಸೊಸೆಯ ಕೈಗೆ ಕೊಟ್ಟು, "ಇಲಿ ಬರದಂಗ ನೋಡ್ಕೋ. ಹದಿನೈದ ದಿನಕ್ಕೊಮ್ಮೆ ಬಿಸಲಿಗೆ ಹಾಕು. ಬೇವಿನ ಎಲಿ ಇಡು" ಅಂದರು.

ಮೊನ್ನೆ ಬಬಲೇಶ್ವರದಿಂದ ಬಡಿಗೇರ ಅಣ್ಣನ ಫೋನು ಬಂತು. ಅವರ ಓಣಿಯ ಹೆಣ್ಣುಮಕ್ಕಳು ತಗಡಿನ ಶೆಡ್ಡಿನಲ್ಲಿ ಹಾಡುತ್ತಾರಂತೆ. ಅವರಿಗೂ ಗ್ವಾಡಿ ಕೌದಿ ಬೇಕಂತೆ. "ಅಳತಿ ಹೇಳಲೇನು?" ಎಂದು ಪೇಟಿ ಅಕ್ಕ ಕೇಳಿದರು. "ಹೇಳಬ್ಯಾಡವಾ. ಚೀಟಿ ಬರದ ಕಳಸು" ಎಂದು ಅಣ್ಣ ಅಂದರು.

ನೀವೂ ಅಳೆಯಿರಿ, ಬರೆಯಿರಿ

1. ನಿಮ್ಮ ಗೇಣು ಎಷ್ಟು ಇಂಚು? ............
2. ನಿಮ್ಮ ಮನೆಯ ಒಂದು ಕೋಣೆಯ ಉದ್ದ ............ ಫೂಟು. ಅಗಲ ............ ಫೂಟು.
3. ಖಾಲಿ ಕೋಣೆಯಲ್ಲಿ ಒಮ್ಮೆ, ಕೌದಿ ಒಟ್ಟಿದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಏನು ಫರಕು ಕೇಳಿಸಿತು? ಎರಡು ಸಾಲು ಬರೆಯಿರಿ.
4. 5 ಚೌಕಟ್ಟಿಗೆ ಎಷ್ಟು ಫೂಟು ಕಟ್ಟಿಗೆ ಬೇಕು? (ಒಂದಕ್ಕೆ 14 ಫೂಟು.)
5. ಬಬಲೇಶ್ವರದ ಅಣ್ಣನಿಗೆ 5 ಚೌಕಟ್ಟಿನ ಚೀಟಿ ನೀವು ಬರೆಯಿರಿ.